ತುಟಿ ಒಡೆದ ಮೂರು

ಮತ್ತೆ ಅದೇ ನೀಲಿ ಸ್ಲಿಪ್ಪರು, ಎಡಗಾಲಿನದು ಬಲಗಾಲಿನದಕ್ಕಿಂತ ಹೆಚ್ಚು ಸವೆದದ್ದು, ಗ್ಯಾರೇಜಿನ ಬಾಗಿಲವರೆಗೆ ಬಂದು, ಏನೋ ಕೇಳಬೇಕೆಂದು ನಿಂತು, ಕೇಳದೆ ಹಿಂದಕ್ಕೆ ಹೋಗುತ್ತದೆ – ಗಾಡಿಯ ಕೆಳಗೆ ಅಂಗಾತ ಮಲಗಿದವಳಿಗೆ ಮನುಷ್ಯರೆಂದರೆ ಕಾಲುಗಳು, ಅಷ್ಟೆ, ಇದು ಅನಸೂಯ ಅವರ ಕಾಲು, ಮುಂದಿನ ಚಕ್ರದ ಪಕ್ಕ ಅಲುಗದೆ ನಿಂತಿರುವ ಕಂದು ಶೂ ಅವರ ಗಂಡ ಶ್ರೀರಂಗ ಅವರದು, ಬೆಳಗ್ಗೆಯಿಂದ ಅವರು ಕೂತೇ ಇಲ್ಲ, ಕೂತ್ಕೊಳ್ಳಿ ಸರ್, ಇನ್ನೂ ಹೊತ್ತು ಹಿಡಿಯುತ್ತೆ ಎಂದು ಸ್ವರ್ಣಲತಾ ಕೆಳಗಿನಿಂದಲೇ ಹೇಳಿಯಾಯಿತು, ಪರವಾಗಿಲ್ಲ ಬಿಡಿ, ನಿಂತು ಅಭ್ಯಾಸ ಎಂದರು, ಎಂಬತ್ತರ ಹತ್ತಿರದ ಮನುಷ್ಯ, ಆಪರೇಷನ್ ಥಿಯೇಟರಿನ ಹೊರಗೆ ನಿಂತವರ ಹಾಗೆ ನಿಂತಿದ್ದಾರೆ, ಪಕ್ಕದ ಮನೆಯಲ್ಲಿ ಎಲೆ ಊದುವ ಮೆಷಿನ್ನು ಕಿವಿ ಕೊರೆಯುತ್ತಿದೆ, ಕಲ್ವರ್ ಸಿಟಿಯ ಈ ಬೀದಿಯಲ್ಲಿ ಯಾವತ್ತು ಬಂದರೂ ಯಾರೋ ಒಬ್ಬರು ಎಲೆ ಊದುತ್ತಲೇ ಇರುತ್ತಾರೆ, ಸಿನಿಮಾ ಸ್ಟುಡಿಯೋದ ಉದ್ದ ಗೋಡೆಯ ಹಿಂದೆ ಸುಳ್ಳು ಮನೆಗಳು ಸುಳ್ಳು ಬೀದಿಗಳು, ಗೋಡೆಯ ಈಚೆ ನಿಜವಾದ ಎಲೆಗಳು, ಅವಳ ಕತ್ತು ನೋಯುತ್ತಿದೆ, ಚಕ್ರದ ಹಲಗೆಯ ಮೇಲೆ ಮಲಗಿದರೆ ಮೊದಲೆಲ್ಲ ಬೆನ್ನಿಗೆ ಹಾಯೆನಿಸುತ್ತಿತ್ತು, ಅರವತ್ತು ದಾಟಿದ ಮೇಲೆ ಹಲಗೆಯ ಒಂದೊಂದು ಪಟ್ಟಿಯೂ ಲೆಕ್ಕಕ್ಕೆ ಸಿಗುತ್ತದೆ, ಇದು ಮುಗಿದರೆ ಸಾಕು, ಇದು ಮುಗಿದರೆ ಇನ್ನೊಂದು ಒಪ್ಪಿಕೊಳ್ಳುವುದಿಲ್ಲ ಎಂದು ಹೋದ ಸಲವೂ ಅಂದುಕೊಂಡಿದ್ದಳು, ಆದರೆ ಶ್ರೀರಂಗ ಫೋನ್ ಮಾಡಿ, ನೋಡಿ ಸ್ವರ್ಣಲತಾ ಅವರೇ, ನೀವು ಒಂದು ಮಾತು ಹೇಳಿದ್ರೆ ಮ್ಯೂಸಿಯಮ್ಮಿನೋರು ಬೇರೆ ಯಾರನ್ನೂ ಕೇಳಲ್ವಂತೆ ಎಂದರೆ ಹೇಗೆ ಇಲ್ಲವೆನ್ನುವುದು, ಆ ದಂಪತಿ ಮನೆ ಖಾಲಿ ಮಾಡಿ ಮಗಳ ಊರಿನಲ್ಲಿ ಚಿಕ್ಕ ಅಪಾರ್ಟ್‌ಮೆಂಟಿಗೆ ಹೋಗುತ್ತಿದ್ದಾರೆ, ಅಲ್ಲಿ ಗ್ಯಾರೇಜಿಲ್ಲ, ಈ ಹಸಿರು ಪ್ಲಿಮತ್ ಕಾರಿಗೆ ಹಳೇ ಗಾಡಿಗಳ ಮ್ಯೂಸಿಯಮ್ಮಿನಲ್ಲಿ ಒಂದು ನೆಲೆ ಬೇಕು.

ಸಾವಿರದ ಒಂಬೈನೂರ ಅರವತ್ತೊಂಬತ್ತರ ಗಾಡಿ, ಮೇಲ್ಛಾವಣಿ ಮಡಚುವಂಥದು, ಇಂಥ ಗಾಡಿ ಕೊಂಡವರೆಲ್ಲ ಆಗ ಬಹುಮಟ್ಟಿಗೆ ಆಟೋಮ್ಯಾಟಿಕ್ಕೇ ಕೇಳುತ್ತಿದ್ದರು, ಒಂದು ಕೈ ಕಿಟಕಿಯ ಮೇಲಿಟ್ಟು ತಂಪಾಗಿ ಹೋಗಲಿಕ್ಕೆ, ಕ್ಲಚ್ ತುಳಿದು ಗೇರು ಹಾಕುವ ಉಸಾಬರಿ ಯಾರಿಗೆ ಬೇಕಿತ್ತು, ಎಲ್ಲೋ ಒಬ್ಬ ಹಟಮಾರಿ ನನಗೆ ನಾಲ್ಕು ಗೇರಿನದೇ ಬೇಕು ಎಂದು ಬರೆಸಿ, ಫ್ಯಾಕ್ಟರಿ ಹಾಗೇ ಮಾಡಿ ಕಳಿಸಿದ್ದರೆ ಅದು ಈಗ ಅಪರೂಪ, ಅಪರೂಪವಾದ್ದರಿಂದಲೇ ಜನ ಆಮೇಲೆ ಆಟೋಮ್ಯಾಟಿಕ್ ಗಾಡಿಯ ಹೊಟ್ಟೆ ಕೊಯ್ದು ಗೇರ್‌ಬಾಕ್ಸ್ ತುರುಕಿ, ಹುಟ್ಟಿನಿಂದಲೇ ಹೀಗಿತ್ತು ಎನ್ನುತ್ತಾರೆ, ಆ ಹೊಲಿಗೆಯನ್ನು ಹುಡುಕುವುದು ಅವಳ ಕೆಲಸ, ವಿಮಾನದ ಬಿಡಿಭಾಗಗಳಲ್ಲಿ ಕೂದಲೆಳೆಯ ಬಿರುಕು ಹುಡುಕುವ ಲ್ಯಾಬಿನಲ್ಲಿ ಅರ್ಧ ಆಯುಷ್ಯ ಕಳೆದವಳಿಗೆ ಇದೇನೂ ಹೊಸದಲ್ಲ, ಗಾಡಿಯ ತಳದ ತಗಡಿನಲ್ಲಿ ಗೇರ್‌ಬಾಕ್ಸಿಗೆ ಜಾಗ ಮಾಡಿಕೊಡುವ ಒಂದು ಉಬ್ಬು ಇರಬೇಕು, ಅದನ್ನು ಫ್ಯಾಕ್ಟರಿಯಲ್ಲಿ ಚುಕ್ಕೆ ಚುಕ್ಕೆಯಾಗಿ ಬೆಸೆದಿರುತ್ತಾರೆ, ಗೇರ್‌ಬಾಕ್ಸಿನ ಪಕ್ಕೆಯ ಮೇಲೆ ಗಾಡಿಯ ಚಾಸಿಸ್ ನಂಬರಿನ ಕೊನೆಯ ಅಂಕಿಗಳನ್ನು ಒತ್ತಿರುತ್ತಾರೆ, ಎರಡೂ ಒಂದಕ್ಕೊಂದು ತಾಳೆಯಾಗಬೇಕು, ಬರೀ ತಾಳೆಯಾದರೆ ಸಾಲದು, ಒತ್ತಿದವನ ಕೈ ಯಾವುದೆಂದೂ ನೋಡಬೇಕು, ಫ್ಯಾಕ್ಟರಿಯವನಿಗೆ ಪುರುಸೊತ್ತಿಲ್ಲ, ಒಂದು ಅಂಕಿ ಮೇಲೆ, ಒಂದು ಕೆಳಗೆ, ಒಂದು ಆಳ, ಒಂದು ತೇಲಿದ್ದು, ಸಾಲು ನೆಟ್ಟಗಿದ್ದರೆ ಅನುಮಾನ ಶುರು, ಉಬ್ಬಿನ ಮೇಲೆ ಟಾರ್ಚ್ ಬಿಟ್ಟಿದ್ದಾಳೆ, ಚುಕ್ಕೆಗಳು ಸರಿಯಾಗಿವೆ, ಸರಿಯಾಗಿವೆ ಎಂದರೆ ಸ್ವಲ್ಪ ಜಾಸ್ತಿಯೇ ಸರಿಯಾಗಿವೆ, ಬೆರಳು ಆಡಿಸಿದಳು, ಬಣ್ಣದ ಅಡಿಯಲ್ಲಿ ಉಗುರಿಗೆ ಸಿಗುವಷ್ಟು ಒಂದು ಅಂಚು, ಚುಕ್ಕೆಗಳ ನಡುವೆ ಯಾರೋ ತುಂಬಿ ಉಜ್ಜಿದ್ದಾರೆ, ಅಯ್ಯೋ, ಇದೂ ಇಲ್ಲವೇ, ಇವರಿಗೂ ಇಲ್ಲವೆನ್ನಬೇಕೇ, ಇಲ್ಲ ಎಂದು ಹೇಳಿ ಹೇಳಿ ಅವಳ ಬಾಯಿ ಒಣಗಿಹೋಗಿದೆ, ಜನ ಹೌದು ಕೇಳಲು ಕರೆಸಿ ಇಲ್ಲ ಕೇಳಿಸಿಕೊಂಡು ಕಾಫಿಯನ್ನೂ ಕೊಡದೆ ಕಳಿಸಿದ್ದಿದೆ, ಅವರವರ ಮನೆಯ ಮಗುವಿಗೇ ನೀನು ಈ ಮನೆಯದಲ್ಲ ಎಂದು ಹೇಳಿದ ಹಾಗೆ ನೋಡುತ್ತಾರೆ, ಮನೆಗೆ ಹೋದರೆ ಗಂಡ ಯೋಗೀಶ ಕಾಯುತ್ತಿರುತ್ತಾರೆ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಬಲಗೈ ದಿಂಬಿನ ಮೇಲೆ, ಅವಳು ಚಪ್ಪಲಿ ಬಿಡುವ ಮೊದಲೇ ಕೇಳುತ್ತಾರೆ, ಒರಿಜಿನಲ್, ಅವರಿಗೆ ಉಳಿದಿರುವ ಮಾತೇ ಮೂರು, ಎಂತ, ಸಾಕು, ಒರಿಜಿನಲ್, ಎರಡು ಸಾವಿರದ ಇಪ್ಪತ್ತೊಂದರಲ್ಲಿ ಸ್ಟ್ರೋಕ್ ಹೊಡೆದು ಕನ್ನಡ ಇಂಗ್ಲಿಷ್ ತುಳು ಎಲ್ಲ ಒಟ್ಟಿಗೆ ಗುಡಿಸಿಕೊಂಡು ಹೋದಾಗ ಈ ಮೂರು ಮಾತ್ರ ಮೂಲೆಯಲ್ಲಿ ಸಿಕ್ಕಿಕೊಂಡು ಉಳಿದವು, ಮಾತು ಕಲಿಸಲು ಬರುವ ಹುಡುಗಿಗೆ ಅದೇ ಒಂದು ಆಶ್ಚರ್ಯ, ಹೆಂಡತಿಯ ಹೆಸರಿಲ್ಲ, ಮಗಳ ಹೆಸರಿಲ್ಲ, ಒರಿಜಿನಲ್ ಇದೆ.

ಉಬ್ಬು ಒಂದೇ ನೋಡಿ ತೀರ್ಮಾನ ಕೊಡುವ ಹಾಗಿಲ್ಲ, ತಳ ತುಕ್ಕು ಹಿಡಿದು ಯಾರೋ ರಿಪೇರಿ ಮಾಡಿಸಿರಬಹುದು, ನಂಬರೇ ಹೇಳಬೇಕು, ಹಲಗೆಯನ್ನು ಕಾಲಿನಿಂದ ತಳ್ಳಿ ಗೇರ್‌ಬಾಕ್ಸಿನ ಪಕ್ಕೆಗೆ ಬಂದಳು, ಹಳೇ ಬನಿಯನ್ ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಒರೆಸಿದಳು, ಕಪ್ಪು ಜಿಡ್ಡು ಹೋಗಿ ಬೂದು ಲೋಹ ಬಂತು, ಅದರ ಮೇಲೆ ಅಂಕಿಗಳು ಒಂದೊಂದಾಗಿ ಎದ್ದವು, ಗಾಡಿಯ ನಂಬರಿಗೆ ತಾಳೆಯಾಗುತ್ತಿದೆ, ಒಂದು ಮೇಲೆ, ಒಂದು ಕೆಳಗೆ, ಜಾಣ, ಯಾರೋ ಜಾಣ, ಬೇಕೆಂದೇ ಸೊಟ್ಟ ಮಾಡಿದ್ದಾನೆ ಎಂದುಕೊಳ್ಳುತ್ತ ಟಾರ್ಚನ್ನು ಅಡ್ಡಡ್ಡ ಹಿಡಿದಾಗ ಮಧ್ಯದ ಮೂರಕ್ಕೆ ನೆರಳು ಬಿತ್ತು, ಮೂರರ ಕೆಳತುಟಿಯ ತುದಿಯಲ್ಲಿ ಒಂದು ಚೂರು ಇಲ್ಲ, ಇಲಿ ಕಚ್ಚಿದ ಹಾಗೆ, ಟಾರ್ಚ್ ಆರಿಸಿದಳು, ಹಚ್ಚಿದಳು, ಇದೆ, ಕನ್ನಡಕ ತೆಗೆದು ಒರೆಸಿ ಹಾಕಿಕೊಂಡಳು, ಇದೆ, ಈ ಮೂರನ್ನು ಅವಳು ದಿನಾ ನೋಡುತ್ತಾಳೆ, ಇವತ್ತು ಬೆಳಗ್ಗೆಯೂ ನೋಡಿದ್ದಾಳೆ, ಗಂಜಿ ಬೇಯಿಸುವ ಸ್ಟೀಲ್ ತಪಲೆಯ ಕಂಠದಲ್ಲಿ, ಕನ್ನಡ ಸಂಘದ ಗಣೇಶನ ಹಬ್ಬಕ್ಕೆ ಎಲ್ಲರ ಮನೆಯಿಂದ ಪಾತ್ರೆ ಬಂದು ಅದಲುಬದಲಾಗಿ ಜಗಳವಾದಾಗ ಯೋಗೀಶ ಒಂದು ಭಾನುವಾರ ತಮ್ಮ ಹಳೇ ಗಾಡಿ ರಿಪೇರಿಯ ಶಾಪಿನಲ್ಲಿ ಕೂತು ಅಷ್ಟೂ ಪಾತ್ರೆಗೆ ನಂಬರ್ ಒತ್ತಿಕೊಟ್ಟಿದ್ದರು, ಊರಲ್ಲಿ ಮದುವೆ ಪಾತ್ರೆಗೆ ಹೆಸರು ಹಾಕಿಸುವ ಹಾಗೆ, ಉಡುಪಿಯಿಂದ ಬರುವಾಗ ಅವರ ಅಪ್ಪ ಕೊಟ್ಟ ನಂಬರ್ ಪಂಚಿನ ಸೆಟ್ಟು, ಮರದ ಪೆಟ್ಟಿಗೆಯಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಸಾಲಾಗಿ ನಿಂತ, ಸುತ್ತಿಗೆಯಿಂದ ಹೊಡೆದರೆ ಅಂಕಿ ಮೂಡಿಸುವ ಉಕ್ಕಿನ ಕಡ್ಡಿಗಳು, ಮಗಳು ಶ್ರೀಜಾ ಆಗಷ್ಟೇ ಅಂಬೆಗಾಲು ಬಿಟ್ಟು ನಡೆಯತೊಡಗಿದ್ದ ಕಾಲ, ತಾವಿರುವ ಪೊವೇಯಲ್ಲಿ ಶಾಪ್ ಹೊಸದಾಗಿ ತೆರೆದಿದ್ದರು, ಮಗು ಪೆಟ್ಟಿಗೆಗೆ ಕೈ ಹಾಕಿ ಮೂರನ್ನು ಸಿಮೆಂಟ್ ನೆಲಕ್ಕೆ ಬೀಳಿಸಿತು, ತುದಿ ಮುರಿಯಿತು, ಹೊಸ ಸೆಟ್ ತಗೊಳ್ಳಿ ಎಂದರೆ ಯೋಗೀಶ, ಎಂತಕ್ಕೆ, ನನ್ನ ಕೈಗೆ ಇದೇ ಕೂರುವುದು, ಮೂರಕ್ಕೆ ತುಟಿ ಒಡೆದ್ರೆ ಎಂತ ಆಯ್ತು, ಲೆಕ್ಕ ತಪ್ಪುವುದಿಲ್ಲವಲ್ಲ ಮಾರಾಯ್ತಿ ಎಂದು ನಕ್ಕಿದ್ದರು. ತುಟಿ ಒಡೆದ ಮೂರು. ಅದು ಪಾತ್ರೆಯ ಮೇಲಿದ್ದಾಗ ಮುದ್ದಾಗಿತ್ತು. ಈಗ ಕಲ್ವರ್ ಸಿಟಿಯಲ್ಲಿ, ಇನ್ನೊಬ್ಬರ ಗಾಡಿಯ ಹೊಟ್ಟೆಯಲ್ಲಿ, ಡೆಟ್ರಾಯಿಟ್‌ನಲ್ಲಿ ಹುಟ್ಟಿದೆ ಎಂದು ಹೇಳಿಕೊಳ್ಳುತ್ತ ಅವಳನ್ನೇ ನೋಡುತ್ತಿದೆ.

ಎಷ್ಟು ಹೊತ್ತು ಹಾಗೇ ಮಲಗಿದ್ದಳೋ, ಸ್ಲಿಪ್ಪರು ಮತ್ತೆ ಬಂದು ಈ ಸಲ ಮಾತಾಡಿತು, ಏನಮ್ಮ, ಕೆಳಗೇ ನಿದ್ದೆ ಬಂತಾ, ಕಾಫಿ ಆರೋಗುತ್ತೆ, ಹಲಗೆಯನ್ನು ಹೊರಕ್ಕೆ ತಳ್ಳಿಕೊಂಡರೆ ಬೆಳಕು ಕಣ್ಣಿಗೆ ಚುಚ್ಚಿತು, ಎದ್ದು ನಿಲ್ಲಲು ಬಂಪರನ್ನು ಹಿಡಿಯಬೇಕಾಯಿತು, ಶ್ರೀರಂಗರ ಮುಖ ನೋಡದೆ ಕೈ ಒರೆಸಿಕೊಂಡಳು, ಒರೆಸಿದ್ದನ್ನೇ ಒರೆಸಿಕೊಂಡಳು, ಹಿಂದಿನ ಗೋಡೆಗೆ ಒರಗಿಸಿಟ್ಟ ಬೋರ್ಡು ಆಗ ಕಣ್ಣಿಗೆ ಬಿತ್ತು, ಹಳೇ ಗಾಡಿಗಳ ಮೇಳದಲ್ಲಿ ಮುಂದೆ ನಿಲ್ಲಿಸುವಂಥದು, ಹಸಿರು ಅಕ್ಷರದಲ್ಲಿ ಫ್ಯಾಕ್ಟರಿ ಫೋರ್ ಸ್ಪೀಡ್ ಎಂದು ಬರೆಸಿದ್ದಾರೆ, ಕೆಳಗೆ ಗಂಡ ಹೆಂಡತಿಯ ಹೆಸರು, ಹೇಳಿ ಎಂದರು ಶ್ರೀರಂಗ, ಏನಿದ್ರೂ ಹೇಳಿ, ನಾನೇನು ಮಗು ಅಲ್ಲ, ಅವಳು ಹೇಳಿದಳು, ಇದು ಹುಟ್ಟಿದ್ದು ಆಟೋಮ್ಯಾಟಿಕ್ ಆಗಿ ಸರ್, ತಳ ಕೊಯ್ದು ಉಬ್ಬು ಕೂರಿಸಿದ್ದಾರೆ, ಗೇರ್‌ಬಾಕ್ಸ್ ಆಮೇಲೆ ಬಂದದ್ದು, ನಂಬರು ಕೈಯಲ್ಲಿ ಒತ್ತಿದ್ದು, ಶ್ರೀರಂಗ ಗಾಡಿಯ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತರು, ನಿಮ್ಮ ಕಡೆಯ ಎಸ್ಕಾಂಡೀಡೋದಲ್ಲಿ ಒಬ್ಬನ ಹತ್ರ ತಗೊಂಡಿದ್ದು, ಅವನು ದೇವರ ಮೇಲೆ ಆಣೆ ಮಾಡಿದ್ದ ಎಂದರು, ಅವನಿಗೂ ಗೊತ್ತಿತ್ತೋ ಇಲ್ಲವೋ ಎಂದಳು, ಒತ್ತಿದೋನು ಯಾರು ಅಂತ ಗೊತ್ತಾಗುತ್ತಾ ನಿಮಗೆ, ಎಂದರು ಶ್ರೀರಂಗ – ಇದು ಬರುತ್ತದೆಂದು ಅವಳಿಗೆ ಗೊತ್ತಿತ್ತು, ಗೊತ್ತಾಗಲ್ಲ ಸರ್ ಎನ್ನಬಹುದಿತ್ತು, ಯಾವ ಪರೀಕ್ಷಕರೂ ಅಷ್ಟು ಹೇಳಬೇಕಾಗಿಲ್ಲ, ಯಾರ ಕೈಯೆಂದು ಮ್ಯೂಸಿಯಮ್ಮಿನವರು ಕೇಳುವುದೂ ಇಲ್ಲ, ಇಲ್ಲ ಎನ್ನುವ ಮಾತು ಅಷ್ಟು ವರ್ಷದಿಂದ ನಾಲಗೆಯ ತುದಿಯಲ್ಲೇ ಇದೆಯಲ್ಲ, ಇನ್ನೊಂದು ಇಲ್ಲ, ಆದರೆ ಬಾಯಿ ತೆರೆದಾಗ ಬಂದದ್ದು ಬೇರೆ, ಗೊತ್ತಾಗುತ್ತೆ, ನಮ್ಮ ಶಾಪಿನದ್ದು, ಈ ಪಂಚು ನಮ್ಮ ಮನೆಯವರದ್ದು, ಎಂದಳು, ಎಲೆ ಊದುವ ಮೆಷಿನ್ನು ಯಾವಾಗ ನಿಂತಿತ್ತೋ, ಅವಳ ದನಿ ಗ್ಯಾರೇಜಿನಲ್ಲಿ ದೊಡ್ಡದಾಗಿ ಕೇಳಿಸಿತು, ನೀವು ಇನ್ನೊಬ್ಬರ ಕೈಲಿ ನೋಡಿಸಬೇಕು ಸರ್, ನನ್ನ ಮಾತು ಇನ್ನು ಈ ಗಾಡಿಗೆ ನಡೆಯಲ್ಲ, ಮ್ಯೂಸಿಯಮ್ಮಿನವರಿಗೆ ನಾನೇ ಫೋನ್ ಮಾಡಿ ಹೇಳ್ತೀನಿ.

ಯೋಗೀಶನಾ, ಎಂದರು ಶ್ರೀರಂಗ, ಹೆಸರು ಬಾಯಲ್ಲಿ ಅಪರಿಚಿತ ವಸ್ತುವಿನ ಹಾಗೆ, ಎಷ್ಟೋ ಯುಗಾದಿಯಲ್ಲಿ ಪಕ್ಕದಲ್ಲಿ ಕೂತು ಊಟ ಮಾಡಿದ್ದಾರೆ, ಒಮ್ಮೆ ಈ ಗಾಡಿಯನ್ನೇ ಸಂಘದ ಪಿಕ್ನಿಕ್ಕಿಗೆ ತಂದಿದ್ದರಲ್ಲ, ಯೋಗೀಶ ಸುತ್ತು ಹಾಕಿ ನೋಡಿ, ಚಂದ ಉಂಟು ಗಾಡಿ, ಎಂದಷ್ಟೇ ಹೇಳಿ ಊಟದ ಸಾಲಿಗೆ ಹೋಗಿದ್ದರು, ಈಗ ನೆನಪಾಗುತ್ತಿದೆ, ಆ ದಿನ ಅವರು ಅಷ್ಟು ಬೇಗ ಊಟದ ಸಾಲಿಗೆ ಹೋದದ್ದು, ಶ್ರೀರಂಗರಿಗೂ ಅದೇ ನೆನಪಾಗಿರಬೇಕು, ನನ್ನ ಎದುರಿಗೇ ನಿಂತು ನೋಡಿದ್ರಲ್ಲ ಕಣಮ್ಮ, ಒಂದು ಮಾತು ಆಗ ಹೇಳಿದ್ರೆ ಸಾಕಿತ್ತು, ನಾನು ಬೋರ್ಡು ಬರೆಸಿದ್ದೀನಿ, ಊರೆಲ್ಲ ಹೇಳ್ಕೊಂಡು ತಿರುಗಿದ್ದೀನಿ, ನನ್ನನ್ನ ಸುಳ್ಳುಗಾರನ್ನ ಮಾಡಿಬಿಟ್ರು, ದನಿ ಏರಿಸಲಿಲ್ಲ ಅವರು, ಅದೇ ಕಷ್ಟವಾಯಿತು, ಬೋರ್ಡನ್ನು ತಿರುಗಿಸಿ ಗೋಡೆಗೆ ಮುಖ ಮಾಡಿಟ್ಟು ಒಳಗೆ ಹೋದರು, ಹೊರಗೆ ಬರಲಿಲ್ಲ, ಅನಸೂಯ ಕಾಫಿಯ ಲೋಟ ಕೈಗೆ ಕೊಟ್ಟರು, ಆರಿಯೇ ಹೋಗಿತ್ತು, ಅವಳು ಕುಡಿದಳು, ಗಾಡಿ ಬೇಕು ಅಂದಿದ್ದು ನಾನು, ಎಂದರು ಅನಸೂಯ, ಹಾಸನದಲ್ಲಿ ನಮ್ಮಪ್ಪನ ಜೀಪ್ ಓಡಿಸ್ತಿದ್ದೆ, ಇಲ್ಲಿ ಬಂದ್ಮೇಲೆ ಎಡಗಾಲಿಗೆ ಕೆಲಸಾನೇ ಇಲ್ಲ, ಸತ್ತಹಾಗೆ ಬಿದ್ದಿರುತ್ತೆ, ಗೇರಿರೋ ಗಾಡಿ ಹುಡುಕ್ಕೊಡಿ ಅಂತ ಇವರ ತಲೆ ತಿಂದೆ, ಫ್ಯಾಕ್ಟರಿಯಲ್ಲಿ ಹಾಕಿದ್ದೋ ಇನ್ನೊಬ್ಬರು ಹಾಕಿದ್ದೋ ನನಗೇನು, ಬೆಣ್ಣೆ ಥರ ಬೀಳ್ತಿತ್ತು ಗೇರು, ಒಂದು ದಿನಾನೂ ಸಿಕ್ಕಿಕೊಂಡಿಲ್ಲ, ಮಾಡಿದ ಕೈ ಒಳ್ಳೇದು, ಅದು ಸುಳ್ಳಲ್ಲ – ಆಮೇಲೆ ಖಾಲಿ ಲೋಟ ವಾಪಸ್ ತೆಗೆದುಕೊಂಡು, ಆದ್ರೂ ನೀವು ಬೇಗ ಹೊರಡಿ, ಇವರು ಇವತ್ತು ಮಾತಾಡಲ್ಲ, ನಾಳೆಯೂ ಮಾತಾಡಲ್ಲ ಅನ್ಸುತ್ತೆ, ಎಂದರು, ಸಿಟ್ಟಿರಲಿಲ್ಲ ಆ ಮಾತಿನಲ್ಲಿ, ನಾಳೆ ಬಿಸಿಲು ಜಾಸ್ತಿ ಎನ್ನುವ ಹಾಗೆ ಹೇಳಿದರು.

ನಾಲ್ಕು ನೂರಾ ಐದನೇ ಹೆದ್ದಾರಿಯಲ್ಲಿ ಗಾಡಿಗಳು ತೆವಳುತ್ತಿವೆ, ಎಲ್ಲ ಹೊಸವು, ಎಲ್ಲ ಆಟೋಮ್ಯಾಟಿಕ್ಕು, ಯಾರ ಎಡಗಾಲಿಗೂ ಕೆಲಸವಿಲ್ಲ, ಸ್ವರ್ಣಲತಾ ಕಿಟಕಿ ಇಳಿಸಿದಳು, ಬಿಸಿ ಗಾಳಿ, ಏರಿಸಿದಳು, ಪಂಚನ್ನು ಬೇರೆಯವರು ತಗೊಂಡಿರಬಹುದಲ್ಲ, ಶಾಪಿನಲ್ಲಿ ಹೆಕ್ಟರ್ ಇದ್ದ, ವೆಲ್ಡಿಂಗ್ ಮಾಡುವವನು, ಬೀಗದ ಕೈ ಅವನ ಹತ್ತಿರವೂ ಇತ್ತು, ಪೆಟ್ಟಿಗೆ ಬೆಂಚಿನ ಮೇಲೇ ಇರುತ್ತಿತ್ತು, ಹೆಕ್ಟರೇ, ಅವನೇ ಇರಬೇಕು, ಹೀಗೆ ಅಂದುಕೊಂಡ ಕೂಡಲೇ ಎದೆ ಹಗುರಾಯಿತು, ಹಗುರಾದದ್ದಕ್ಕೆ ನಾಚಿಕೆಯಾಯಿತು, ಸ್ಟ್ರೋಕ್ ಆದಾಗ ಆಸ್ಪತ್ರೆಯ ಒಳಗೆ ಯಾರನ್ನೂ ಬಿಡದ ಆ ದಿನಗಳಲ್ಲಿ ಪಾರ್ಕಿಂಗಿನಲ್ಲಿ ಅವಳ ಜೊತೆ ಕಾದು ಕೂತವನು ಹೆಕ್ಟರು, ಶಾಪ್ ಮುಚ್ಚುವಾಗ ಅತ್ತವನು, ಅವನ ತಲೆಗೆ ಕಟ್ಟಿ ತನ್ನ ಮನೆಯನ್ನು ತೊಳೆದುಕೊಳ್ಳುವುದು ಎಷ್ಟು ಸುಲಭ, ಬೇಡ, ಆದರೆ ಯೋಗೀಶ ಯಾಕೆ, ಹಳೆಯದನ್ನ ಹಳೆಯದಾಗಿಯೇ ಇಡಬೇಕು ಮಾರಾಯ್ತಿ, ಇಲ್ಲದ್ದನ್ನ ಉಂಟು ಅಂತ ಮಾಡ್ಲಿಕ್ಕೆ ನಾವು ಯಾರು, ಎಂದು ಗಿರಾಕಿಗಳನ್ನು ಬಾಗಿಲಿನಿಂದಲೇ ತಿರುಗಿಸಿ ಕಳಿಸಿದವರು, ನಂಬರ್ ಒತ್ತಿಕೊಡಿ ಎಂದವನ ಮೇಲೆ ಒಮ್ಮೆ ಸ್ಪ್ಯಾನರ್ ಎತ್ತಿದ್ದರಂತೆ, ಹೆಕ್ಟರೇ ಹೇಳಿ ನಕ್ಕಿದ್ದ, ಆ ಮನುಷ್ಯ, ಒಬ್ಬರೇ ಕೂತು, ಅವಳು ಲ್ಯಾಬಿನಲ್ಲಿದ್ದ ಯಾವುದೋ ಮಧ್ಯಾಹ್ನ, ಒಂದನ್ನು ಮೇಲೆ ಒಂದನ್ನು ಕೆಳಗೆ ಬೇಕೆಂದೇ ಸೊಟ್ಟ ಮಾಡುತ್ತ – ಆ ಸೊಟ್ಟವನ್ನು ಅವರಿಗೆ ಹೇಳಿಕೊಟ್ಟದ್ದು ಯಾರು, ಅವಳೇ, ರಜೆಯ ದಿನ ಗಾಡಿ ನೋಡಿ ಬಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದಳಲ್ಲ, ಇವತ್ತು ನೋಡಿದ್ದು ಕಳ್ಳ ನಂಬರು, ಹೇಗೆ ಗೊತ್ತಾಯಿತು ಗೊತ್ತಾ, ಸಾಲು ನೆಟ್ಟಗಿತ್ತು, ಅವರು ಮೊಸರನ್ನಕ್ಕೆ ಉಪ್ಪಿನಕಾಯಿ ಹಚ್ಚಿಕೊಳ್ಳುತ್ತ, ಹೌದಾ, ನಿನ್ನ ಕಣ್ಣು ತಪ್ಪಿಸ್ಲಿಕ್ಕೆ ಯಾರಿಂದಲೂ ಸಾಧ್ಯ ಇಲ್ಲ ಬಿಡು, ಎನ್ನುತ್ತಿದ್ದರು, ಆ ಮಾತಿನಲ್ಲಿ ಹೆಮ್ಮೆ ಇತ್ತು, ಹೆಮ್ಮೆಯ ಜೊತೆ ಬೇರೆ ಏನಾದರೂ ಇತ್ತೇ, ಆಗ ಕೇಳಿಸಿರಲಿಲ್ಲ, ಈಗ ಎಷ್ಟು ಕಿವಿಗೊಟ್ಟರೂ ಕೇಳಿಸುವುದಿಲ್ಲ.

ಸಾನ್ ಕ್ಲೆಮೆಂಟೆ ದಾಟಿದ ಮೇಲೆ ಬಲಕ್ಕೆ ಸಮುದ್ರ, ಊರಿನ ಸಮುದ್ರದ ಹಾಗೆ ಪಶ್ಚಿಮಕ್ಕೇ ಇದೆ, ಸೂರ್ಯ ಅದರಲ್ಲೇ ಮುಳುಗುತ್ತಾನೆ, ಆದರೂ ಇಷ್ಟು ವರ್ಷದಲ್ಲಿ ಅದು ಒಮ್ಮೆಯೂ ನಮ್ಮದು ಅನ್ನಿಸಲಿಲ್ಲ, ತಣ್ಣಗಿನ ಸಮುದ್ರ, ಇವತ್ತು ಅದನ್ನು ನೋಡುವ ಚೈತನ್ಯವೂ ಇಲ್ಲ, ತಾನು ಹೌದು ಎಂದ ಗಾಡಿಗಳು ಒಂದೊಂದಾಗಿ ಎದುರಿನ ಲೇನಿನಲ್ಲಿ ಬಂದ ಹಾಗಾಗುತ್ತಿದೆ, ಲಾ ಮೆಸಾದ ಕೆಂಪುಗಾಡಿ, ಪಾಸಡೀನಾದ ನರ್ಸಮ್ಮನ ಬಿಳಿಯದು, ಅಪ್ಪನ ನೆನಪಿಗೆಂದು ಕೊಂಡ ಹುಡುಗ ಅವಳ ಕೈ ಹಿಡಿದು ಥ್ಯಾಂಕ್ಯೂ ಥ್ಯಾಂಕ್ಯೂ ಎಂದದ್ದು, ಅವುಗಳ ಮೂರನ್ನು ಅವಳು ಅಡ್ಡ ಬೆಳಕಿನಲ್ಲಿ ನೋಡಿದ್ದಳೇ, ಮೂರೇ ಇಲ್ಲದ ನಂಬರುಗಳಾಗಿದ್ದರೆ, ಸೊನ್ನೆ ಏಳು ಎಂಟು ಯಾವ ಗುರುತನ್ನೂ ಹೇಳುವುದಿಲ್ಲ, ಮನೆಯೊಳಗಿನ ಕೈಯನ್ನು ಯಾರು ಅನುಮಾನಿಸುತ್ತಾರೆ, ಎಲ್ಲರಿಗೂ ಫೋನ್ ಮಾಡಬೇಕು, ನಾನು ಹೌದು ಎಂದಿದ್ದೆ, ಇನ್ನೊಬ್ಬರ ಕೈಲಿ ಇನ್ನೊಮ್ಮೆ ನೋಡಿಸಿ ಎಂದು, ಯಾಕೆ ಎಂದು ಕೇಳುತ್ತಾರೆ, ಯಾಕೆ ಎಂದು ಎಲ್ಲರೂ ಕೇಳುತ್ತಾರೆ, ಅಬ್ಬಾ, ಇಷ್ಟು ದಣಿವು ಎಲ್ಲಿಂದ ಬಂತು, ಇವತ್ತಿನದಲ್ಲ ಇದು, ಮೂರು ವರ್ಷದಿಂದ ಅವರನ್ನು ಎತ್ತಿ ಕೂರಿಸಿ, ಉಣ್ಣಿಸಿ, ಒರೆಸಿ, ಒಂದು ದಿನವೂ ದಣಿವು ಎಂದು ಹೇಳದೆ ಒಳಗೇ ಮಡಚಿಟ್ಟದ್ದೆಲ್ಲ ಈಗ ಬಿಚ್ಚಿಕೊಳ್ಳುತ್ತಿದೆ, ತಾನು ಎತ್ತುತ್ತಿರುವ ಮನುಷ್ಯ ಯಾರೆಂದು ತನಗೆ ಗೊತ್ತು ಎಂಬ ಒಂದೇ ಬಲದ ಮೇಲೆ ಎತ್ತುತ್ತಿದ್ದಳು.

ಪೊವೇಯ ಮನೆಗೆ ಬಂದಾಗ ಬಿಸಿಲು ಇನ್ನೂ ಗುಡ್ಡದ ಮೇಲಿತ್ತು, ಶ್ರೀಜಾ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಹರಡಿಕೊಂಡು ಆಫೀಸಿನ ಮೀಟಿಂಗಿನಲ್ಲಿದ್ದಾಳೆ, ವಾರಕ್ಕೊಂದು ದಿನ ಯೂನಿವರ್ಸಿಟಿ ಸಿಟಿಯಿಂದ ಬಂದು ಅಪ್ಪನನ್ನು ನೋಡಿಕೊಳ್ಳುತ್ತಾಳೆ, ಕಿವಿಯಿಂದ ಇಯರ್‌ಫೋನಿನ ಒಂದು ಗುಂಡಿ ತೆಗೆದು, ಹೀ ಏಟ್ ವೆಲ್ ಅಮ್ಮ, ಹೀಸ್ ಬೀನ್ ವೇಟಿಂಗ್ ಫಾರ್ ಯೂ, ಎಂದಳು, ಸರಿ ಪುಟ್ಟ ಎಂದಳು ಸ್ವರ್ಣಲತಾ, ಚೀಲ ಕೆಳಗಿಟ್ಟಳು, ಚಪ್ಪಲಿ ಬಿಟ್ಟಳು, ಒರಿಜಿನಲ್, ಎಂದರು ಯೋಗೀಶ ಕಿಟಕಿಯ ಪಕ್ಕದಿಂದ, ಬಾಯಿಯ ಒಂದು ಕಡೆ ಮಾತ್ರ ನಗುತ್ತದೆ, ಎಣ್ಣೆ ಹಾಕಿ ಬಾಚಿದ ತಲೆ, ಮಗಳು ಗಡ್ಡ ತೆಗೆದಿದ್ದಾಳೆ, ಎಷ್ಟು ಶುಭ್ರವಾಗಿ ಕಾಣುತ್ತಾರೆ, ಅವಳು ಸ್ಟೂಲ್ ಎಳೆದುಕೊಂಡು ಎದುರಿಗೆ ಕೂತಳು, ಎಂದಿನ ಹಾಗೆ ಮೊದಲಿನಿಂದ ಶುರು ಮಾಡಿದಳು, ಹೀಗೆ ಹೇಳುತ್ತ ಹೇಳುತ್ತಲೇ ಅವರ ಮಾತು ಒಂದು ದಿನ ಎಚ್ಚರವಾದೀತು ಎಂಬ ಆಸೆಯಿಂದ ಶುರುವಾದ ಅಭ್ಯಾಸ, ಶ್ರೀರಂಗ ಸರ್ ಗಾಡಿ, ಆ ಹಸಿರು ಪ್ಲಿಮತ್ತು, ನೆನಪುಂಟಲ್ಲ, ಪಿಕ್ನಿಕ್ಕಿಗೆ ತಂದಿದ್ರು, ಬಣ್ಣ ಚೆನ್ನಾಗಿದೆ, ಕ್ಲಚ್ಚಿನ ರಬ್ಬರು ಅನಸೂಯ ಅವರ ಕಾಲಿಗೆ ಸವೆದು ಹಾಳೆಯಷ್ಟಾಗಿದೆ, ತಳ ಕೊಯ್ದು ಉಬ್ಬು ಕೂರಿಸಿದ್ದಾರೆ, ಕೂರಿಸಿದ ಕೈ ಬಹಳ ಒಳ್ಳೇದು, ನನ್ನ ಉಗುರಿಗೆ ಸಿಗದಿದ್ದರೆ ಗೊತ್ತೇ ಆಗುತ್ತಿರಲಿಲ್ಲ – ಅವರ ಕಣ್ಣು ಅವಳ ಮುಖದಿಂದ ಕಿಟಕಿಗೆ ಹೋಯಿತು, ಕಿಟಕಿಯಿಂದ ಹಿಂದಕ್ಕೆ ಬಂತು, ಅವಳು ಗಾಡಿಯ ಕೆಳಗೆ ಮಲಗಿದ್ದಾಗ ಫೋನಿನಲ್ಲಿ ತೆಗೆದ ಚಿತ್ರವನ್ನು ದೊಡ್ಡದು ಮಾಡಿ ಎದುರಿಗೆ ಹಿಡಿದಳು, ಅಂಕಿಗಳ ಸಾಲು, ನಡುವೆ ಮೂರು, ಯೋಗೀಶ ನೋಡಿದರು, ಬಹಳ ಹೊತ್ತು ನೋಡಿದರು, ಸಾಕು, ಎಂದರು, ಅವಳು ಫೋನ್ ಇಳಿಸಲಿಲ್ಲ, ಹೆಕ್ಟರ್ ಒತ್ತಿದ್ದಾ, ಎಂದು ಕೇಳಿದಳು, ಕೇಳುವಾಗಲೇ ದನಿಯಲ್ಲಿ ಬೇಡಿಕೆ ಇತ್ತು, ಹೌದೆಂದು ತಲೆಯಾಡಿಸಿಬಿಡಿ, ಒಂದು ಸಲ ತಲೆಯಾಡಿಸಿದರೆ ಮುಗಿಯಿತು, ಆ ಬಾಗಿಲನ್ನು ಅವಳೇ ತೆರೆದು ಹಿಡಿದಿದ್ದಳು, ಅವರು ಅದನ್ನು ನೋಡಿದರು, ಅವರಿಗೆ ಅರ್ಥವಾಯಿತು, ಮಾತು ಹೋದರೂ ಅರ್ಥ ಹೋಗಿಲ್ಲ, ತಲೆಯನ್ನು ನಿಧಾನವಾಗಿ ಎಡಕ್ಕೆ, ನಿಧಾನವಾಗಿ ಬಲಕ್ಕೆ ಆಡಿಸಿದರು, ಅಲ್ಲ, ಹೆಕ್ಟರ್ ಅಲ್ಲ.

ಆಮೇಲೆ ಎಡಗೈ ಎದ್ದಿತು, ಚಮಚೆ ಹಿಡಿಯಲು ಈಗಷ್ಟೇ ಕಲಿಯುತ್ತಿರುವ ಕೈ, ಎದೆಯ ಮಟ್ಟಕ್ಕೆ ಬಂದು ನಿಂತಿತು, ಹೆಬ್ಬೆರಳು ಎರಡು ಬೆರಳುಗಳ ಕಡೆಗೆ ಬಾಗಿ ಬಾಗಿ ಕೊನೆಗೆ ಮುಟ್ಟಿತು, ಏನನ್ನೋ ಹಿಡಿದುಕೊಂಡ ಹಾಗೆ, ಉಕ್ಕಿನ ಕಡ್ಡಿಯಷ್ಟು ದಪ್ಪದ ಒಂದು ಖಾಲಿ, ಅದನ್ನು ನೆಟ್ಟಗೆ ನಿಲ್ಲಿಸಲು ಮಣಿಕಟ್ಟನ್ನು ಒಮ್ಮೆ ತಿರುಗಿಸಿದರು, ನೀವಾ, ಎಂದು ಕೇಳಬೇಕಾಗಿಯೇ ಇರಲಿಲ್ಲ, ಅವಳು ಕೇಳಿದ್ದು, ಯಾಕೆ, ಅಡುಗೆಮನೆಯಲ್ಲಿ ಶ್ರೀಜಾ ಯಾರಿಗೋ ಸೌಂಡ್ಸ್ ಗುಡ್ ಎನ್ನುತ್ತಿದ್ದಾಳೆ, ಯಾಕೆ ಹೇಳಿ, ಯಾರಾದರೂ ಅತ್ತು ಕೇಳಿಕೊಂಡರಾ, ನಿಮಗೇ ಆಸೆಯಾಯಿತಾ, ಕೈಯಿಂದ ಆಗುತ್ತದೋ ಇಲ್ಲವೋ ನೋಡೋಣ ಅಂತಲಾ, ನನ್ನ ಕಣ್ಣಿಗೆ ಸಿಗುತ್ತದೋ ಇಲ್ಲವೋ ಅಂತಲಾ, ಒಂದೇ ಸಲವಾ, ಎಷ್ಟು ಗಾಡಿ, ಎಂತ, ಎಂದರು ಅವರು, ಎಂತ, ಎಂತ, ಉಳಿದ ಮೂರು ಮಾತಿನಲ್ಲಿ ಯಾಕೆ ಎಂಬುದಕ್ಕೆ ಹೊಂದುವ ಒಂದೂ ಇಲ್ಲ, ಕಣ್ಣಿನಿಂದ ನೀರು ಇಳಿದು ಬಾಯಿಯ ಸತ್ತ ಅಂಚಿನಲ್ಲಿ ನಿಂತಿದೆ, ಅವರಿಗೆ ಅದು ಗೊತ್ತಾಗುತ್ತಿಲ್ಲ, ಒರೆಸಬೇಕು, ಒರೆಸಲು ಏಳಬೇಕು, ನಾಳೆ ಫೋನ್ ಮಾಡಬೇಕು, ಲಾ ಮೆಸಾದವರಿಗೆ, ಪಾಸಡೀನಾದವರಿಗೆ, ಕೈ ಇಳಿಸಿ, ಸಾಕು ಎಂದು ಈ ಸಲ ಅವಳು ಹೇಳಿದಳು, ಕೈ ಇಳಿಯಲಿಲ್ಲ, ಬಲಗೈ ದಿಂಬಿನ ಮೇಲೆ ಅಂಗೈ ಮೇಲಾಗಿ ಬಿದ್ದಿದೆ, ಎಡಗೈ ಗಾಳಿಯಲ್ಲಿ, ಬೆರಳುಗಳ ನಡುವೆ ಏನೂ ಇಲ್ಲ, ಆದರೂ ಬಿಗಿಯಾಗಿ ಹಿಡಿದಿದ್ದಾರೆ, ನೆಟ್ಟಗೆ ಹಿಡಿದಿದ್ದಾರೆ, ಸುತ್ತಿಗೆ ಬರಲಿ ಎಂದು ಕಾಯುತ್ತಿರುವ ಹಾಗೆ, ಎಡಗೈ ಗಾಳಿಯಲ್ಲಿ, ಮೂರು ಬೆರಳು, ನಡುವೆ ಏನೂ ಇಲ್ಲ –